ಯಮ್ಮನೆ ಡೇರೆ ನೋಡಿದ್ಯ?

ಮಲೆನಾಡಿನ ಮನೆಗೆ ಮಳೆಗಾಲದಲ್ಲಿ ನೆಂಟರು ಬಂದರೆ ಉಪಚಾರಕ್ಕೊಂದು ಕ್ರಮವಿತ್ತು. ದಣಪೆ ದಾಟಿ ಬಂದವರಿಗೆ ಮೊದಲು ಕಾಲಿಗೆ ನೀರು. ಆಮೇಲೆ ಕುಡಿಯಲು ನೀರು, ಜೊತೆಗೊಂದು ಬೆಲ್ಲದ ಚೂರು. ಜಗಲಿಯಲ್ಲಿ ಕೂತವರ ಮುಂದೆ ಕವಳದ ಬಟ್ಟಲು. ಬಿಸಿಬಿಸಿಯಾಗಿ ಏನಾದರೂ ಆಸರಿ ಕುಡಿದು, ಊರ ಸುದ್ದಿ ಒಂದು ಸುತ್ತು ಮುಗಿಯುವ ಹೊತ್ತಿಗೆ ಮಳೆ ಹೊಳವಾದರೆ, ಮನೆಯೊಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದು ಕೇಳುತ್ತಿದ್ದಳು: ‘ಯಮ್ಮನೆ ಡೇರೆ ನೋಡಿದ್ಯ?’

ನೋಡಿಲ್ಲ ಎಂದರೆ ಎದ್ದು ಹೊರಡಬೇಕು. ನೋಡಿದ್ದೇನೆ ಎಂದರೂ ಹೊರಡಬೇಕು, ಯಾಕೆಂದರೆ ಹೋದ ಸಲ ನೋಡಿದ್ದು ಕೆಂಪು, ಈ ಸಲ ಅರಳಿದ್ದು ನೇರಳೆ. ಅವಸರ ಮಾಡಿ ಊಟ ಬಿಟ್ಟು ಹೋದ ನೆಂಟರನ್ನಾದರೂ ಕ್ಷಮಿಸುವವರಿದ್ದರು. ಡೇರೆ ನೋಡದೆ ಹೋದವರ ಸುದ್ದಿ ಮಾತ್ರ ವರ್ಷಗಟ್ಟಲೆ ಅಡುಗೆಮನೆಯಲ್ಲಿ ಆಡಿಕೊಳ್ಳಲು ಉಳಿಯುತ್ತಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಸಾಗರದ ಕಡೆಯವರಿಗೆ ಡೇರೆಯ ಪರಿಚಯ ಹೇಳಬೇಕಿಲ್ಲ. ಬಯಲುಸೀಮೆಯವರಿಗೆ ಹೇಳುವುದಾದರೆ, ಫಲಪುಷ್ಪ ಪ್ರದರ್ಶನಗಳಲ್ಲಿ ಡಾಲಿಯ ಎಂಬ ಚೀಟಿ ಹೊತ್ತು ಕುಂಡದಲ್ಲಿ ನಿಂತಿರುತ್ತದಲ್ಲ, ಅದೇ ಹೂವು. ಸುತ್ತಿನೊಳಗೆ ಸುತ್ತಾಗಿ ಅಡಕವಾದ ಎಸಳು. ಚಿಕ್ಕದಾದರೆ ನಿಂಬೆಹಣ್ಣಿನಷ್ಟು, ದೊಡ್ಡದಾದರೆ ಎರಡು ಕೈ ಬೊಗಸೆಗೂ ಹಿಡಿಸದಷ್ಟು. ನೀಲಿಯೊಂದನ್ನು ಬಿಟ್ಟರೆ ಇಲ್ಲದ ಬಣ್ಣವಿಲ್ಲ. ಪರಿಮಳ ಮಾತ್ರ ಇಲ್ಲ. ಸುರಗಿಯನ್ನೋ ಮಲ್ಲಿಗೆಯನ್ನೋ ಕತ್ತಲೆಯಲ್ಲೂ ಪತ್ತೆ ಮಾಡಬಹುದು. ಡೇರೆಯನ್ನು ಬೆಳಕಿನಲ್ಲಿ ಹತ್ತಿರ ಹೋಗಿ ನಿಂತೇ ನೋಡಬೇಕು. ಹಾಗಾಗಿ ಅದಕ್ಕೆ ಗೊಬ್ಬರ, ನೀರು ಎಷ್ಟು ಬೇಕೋ ನೋಡುವವರೂ ಅಷ್ಟೇ ಬೇಕಿತ್ತು.

ಈ ಹೂದೋಟವನ್ನು ಉದ್ಯಾನ ಎಂದುಕೊಳ್ಳಬಾರದು. ಹುಲ್ಲುಹಾಸು, ಕಾರಂಜಿ ಯಾವುದೂ ಇಲ್ಲ. ಅಂಗಳದಂಚಿನ ಪಾಗಾರದ ಬುಡ, ಮಾಡಿನ ನೀರು ನೇರ ಬೀಳದ ಚಿಟ್ಟೆಯ ತುದಿ, ಬಾವಿಕಟ್ಟೆಯ ಪಕ್ಕ, ಕೊಟ್ಟಿಗೆಗೆ ಹೋಗುವ ದಾರಿಯ ಎರಡು ಬದಿ, ಇಷ್ಟೇ ಜಾಗ. ತೂತಾದ ಕೊಡಪಾನ, ಬಾಯಿ ಒಡೆದ ಬಾನಿ, ಎಣ್ಣೆ ಡಬ್ಬ, ಸಿಮೆಂಟ್ ಚೀಲ, ಎಲ್ಲವೂ ಕುಂಡಗಳೇ. ಗಂಡಸರ ಲೆಕ್ಕದಲ್ಲಿ ಅದು ಅಡಿಕೆಗೂ ಬಾರದ, ಬಾಳೆಗೂ ಬಾರದ ನೆಲ. ಹಾಗೆಂದೇ ಅದು ಹೆಂಗಸರಿಗೆ ಸಿಕ್ಕಿತು. ಪಹಣಿಯಲ್ಲಿ ಅಜ್ಜಿಯ ಹೆಸರಿರಲಿಲ್ಲ, ಅಮ್ಮನ ಹೆಸರೂ ಇರಲಿಲ್ಲ. ಕೈಹಿಡಿದು ಕರೆದೊಯ್ದು ‘ಇದು ನಂದು’ ಎಂದು ತೋರಿಸಬಹುದಾದ ಆಸ್ತಿ ಅವರಿಗಿದ್ದದ್ದು ಈ ಡೇರೆ ಪಾತಿಯೊಂದೇ.

ಅಮ್ಮನ ಪಂಚಾಂಗ ರೋಹಿಣಿ ಮಳೆಯಿಂದ ಶುರುವಾಗುತ್ತಿತ್ತು. ಮೇ ಕೊನೆಯ ವಾರ ನಾಲ್ಕು ಹನಿ ಬಿದ್ದು ನೆಲ ತಣಿದೊಡನೆ ಅಟ್ಟದಿಂದ ಗೆಡ್ಡೆಯ ಬುಟ್ಟಿ ಇಳಿಯುತ್ತಿತ್ತು. ಹಿಂದಿನ ವರ್ಷ ಗಿಡ ಒಣಗಿದ ಮೇಲೆ ಅಗೆದು, ಮಣ್ಣು ಕೊಡವಿ, ಒಣ ಮರಳಿನಲ್ಲಿ ಹುಗಿದಿಟ್ಟದ್ದು. ಅದನ್ನು ಬಿಡಿಸುವುದು ಎಲ್ಲರ ಕೈಯಲ್ಲಾಗುವ ಕೆಲಸವಲ್ಲ. ಹಳೆಯ ಕಾಂಡದ ಬುಡಕ್ಕೆ ಗೆಡ್ಡೆಗಳು ಗೊಂಚಲಾಗಿ ಅಂಟಿಕೊಂಡಿರುತ್ತವೆ. ಆಲೂಗಡ್ಡೆಗಾದರೆ ಮೈಯೆಲ್ಲ ಕಣ್ಣು, ಹೇಗೆ ಕೊಯ್ದರೂ ನಡೆದೀತು. ಡೇರೆಯ ಕಣ್ಣಿರುವುದು ಗೆಡ್ಡೆ ಕಾಂಡಕ್ಕೆ ಸೇರುವ ಕುತ್ತಿಗೆಯ ಹತ್ತಿರ ಮಾತ್ರ. ಕುತ್ತಿಗೆ ಮುರಿಯಿತೋ, ಗೆಡ್ಡೆ ಎಷ್ಟು ದಪ್ಪವಿದ್ದರೂ ಮಣ್ಣಿನಲ್ಲಿ ಸುಮ್ಮನೆ ಕೂತಿರುತ್ತದೆ, ಚಿಗುರುವುದಿಲ್ಲ. ಅಮ್ಮ ಸಣ್ಣ ಚೂರಿಯೊಂದನ್ನು ಒಲೆಯ ಬೆಂಕಿಗೆ ಹಿಡಿದು, ಹಳೆಯ ಕಾಂಡದ ಒಂದು ಚಕ್ಕೆ ಗೆಡ್ಡೆಯ ಜೊತೆಗೇ ಬರುವ ಹಾಗೆ ಕೊಯ್ಯುತ್ತಿದ್ದಳು. ಕೊಯ್ದ ಬಾಯಿಗೆ ಒಲೆಬೂದಿ ಮೆತ್ತುತ್ತಿದ್ದಳು. ಕೆಂಪು ಮೊಳಕೆ ಕಂಡವು ಒಂದು ಹಾಳೆಗೆ, ಕಾಣದವು ಇನ್ನೊಂದು ಹಾಳೆಗೆ. ಎರಡನೆಯದನ್ನು ಎಸೆಯುವ ಹಾಗಿಲ್ಲ. ವಾರ ಕಳೆದು ಮತ್ತೆ ನೋಡಬೇಕು, ತಡವಾಗಿ ಏಳುವವೂ ಇರುತ್ತವೆ.

ಪಾತಿಗೆ ಕೊಟ್ಟಿಗೆ ಗೊಬ್ಬರ, ಕೊಳೆತ ದರಕು. ಮೃಗಶಿರ, ಆರಿದ್ರ ಮಳೆಗಳಲ್ಲಿ ಗಿಡ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿದರೆ ಕವಲೊಡೆಯುತ್ತದೆ. ಚಿವುಟಿದ ಕುಡಿಯೂ ದಂಡವಲ್ಲ, ನೆರಳಲ್ಲಿ ಒದ್ದೆ ಮಣ್ಣಿಗೆ ಚುಚ್ಚಿದರೆ ಇನ್ನೊಂದು ಗಿಡ. ಪುನರ್ವಸುವಿನ ಗಾಳಿಗೆ ಟೊಳ್ಳು ಕಾಂಡ ಮುರಿಯದಂತೆ ಅಡಿಕೆ ದಬ್ಬೆಯ ಊರುಗೋಲು, ಬಾಳೆನಾರಿನ ಕಟ್ಟು. ಅಡಿಕೆಗೆ ಕೊಳೆರೋಗ ಬಾರದಂತೆ ಹೊಡೆಯಲು ಮೈಲುತುತ್ತ, ಸುಣ್ಣ ಕಲಸಿದ ದಿನ ಪಾತ್ರೆಯ ತಳದಲ್ಲಿ ಉಳಿದದ್ದು ಡೇರೆಯ ಬುಡಕ್ಕೆ ಹೋಗುತ್ತಿತ್ತು. ಮರ ಹತ್ತಿ ಅದನ್ನು ಹೊಡೆಯುವ ಕೊನೆಗೌಡ ಕೇಳಿದರೆ, ತೊಳೆದು ಚೆಲ್ಲಿದ್ದು ಎಂಬ ಉತ್ತರ ಸಿದ್ಧ. ರಾತ್ರಿ ಬ್ಯಾಟರಿ ಹಿಡಿದು ಬಸವನಹುಳು ಹೆಕ್ಕುವುದು ಮಕ್ಕಳ ಪಾಲಿನ ಕೆಲಸ. ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಮೊದಲ ಮೊಗ್ಗು. ಆಶ್ಲೇಷದಿಂದ ಹಿಡಿದು ಚೌತಿ ಕಳೆಯುವ ತನಕ, ಸುತ್ತಲಿನ ಲೋಕವೆಲ್ಲ ಹಸಿರು ಮತ್ತು ಬೂದು ಎರಡೇ ಬಣ್ಣಗಳಲ್ಲಿ ಮುಳುಗಿರುವಾಗ, ಅಂಗಳದ ಅಂಚಿನಲ್ಲಿ ಕುಂಕುಮ, ಅರಿಸಿನ, ಕೇಸರಿ, ನೇರಳೆ.

ಈ ಹಬ್ಬಕ್ಕೆ ಯಾರನ್ನೂ ಕರೆಯಬೇಕಿರಲಿಲ್ಲ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳು, ತಿಥಿ ಊಟಕ್ಕೆ ಬಂದವರು, ಚೌತಿಗೆ ಗಣಪತಿ ನೋಡಲು ಮನೆಯಿಂದ ಮನೆಗೆ ಹೊರಟ ಮಕ್ಕಳು, ಅಂಚೆಯವನು, ಜಾನುವಾರು ನೋಡಲು ಬಂದ ವೈದ್ಯರು, ಹೀಗೆ ಅಂಗಳಕ್ಕೆ ಕಾಲಿಟ್ಟವರೆಲ್ಲ ಪ್ರೇಕ್ಷಕರೇ. ನೋಟಕ್ಕೂ ಒಂದು ಶಿಷ್ಟಾಚಾರವಿತ್ತು. ಮನೆಯೊಡತಿ ಮುಂದೆ, ನೆಂಟರು ಹಿಂದೆ. ಜಾರುವ ಅಂಗಳದಲ್ಲಿ ಹಾಸಿದ ಸೋಗೆಯ ಮೇಲೇ ಹೆಜ್ಜೆ ಇಡಬೇಕು. ಕೊಡೆ ಮನೆಯೊಡತಿಯ ಕೈಯಲ್ಲಿ, ಅದನ್ನು ಅವಳು ಹಿಡಿಯುವುದು ಹೂವಿನ ಮೇಲೆ. ಎಲ್ಲರ ಮನೆಯಲ್ಲೂ ಇರುವ ಬಣ್ಣಗಳಿಂದ ನಿಧಾನಕ್ಕೆ ಶುರುಮಾಡಿ, ಎಲ್ಲೂ ಇಲ್ಲದ್ದನ್ನು ಬಾವಿಕಟ್ಟೆಯ ಆಚೆ ಕಡೆಗೆ ಉಳಿಸಿಕೊಂಡಿರುತ್ತಿದ್ದಳು. ಅಲ್ಲಿಗೆ ಬಂದಾಗ, ಮಳೆನೀರು ತುಂಬಿ ತಲೆ ಬಗ್ಗಿಸಿದ ಹೂವಿನ ಬೆನ್ನಿಗೆ ಎರಡು ಬೆರಳು ಕೊಟ್ಟು, ಮೆಲ್ಲಗೆ ಅಲುಗಿಸಿ ನೀರಿಳಿಸಿ, ಅದರ ಮುಖವನ್ನು ನೆಂಟರ ಕಡೆಗೆ ತಿರುಗಿಸುತ್ತಿದ್ದಳು. ಹೂವನ್ನು ಕೊಯ್ಯುವುದಿಲ್ಲ. ಪೂಜೆಗೆ ದಾಸವಾಳ, ನಂದಿಬಟ್ಟಲು, ರಥಪುಷ್ಪ ಬೇಕಾದಷ್ಟಿವೆ. ಬೆಳಿಗ್ಗೆ ಹೂಬುಟ್ಟಿ ಹಿಡಿದು ಹೊರಟ ಅಪ್ಪ ಡೇರೆಯ ಕಡೆ ಹೊರಳಿದರೆ ಒಳಗಿನಿಂದಲೇ ಕೂಗು ಬರುತ್ತಿತ್ತು.

ಹೊಗಳಿಕೆ ನೇರವಾಗಿ ಬರುತ್ತಿರಲಿಲ್ಲ. ಚಂದವಿದೆ ಎಂದು ಬಾಯಿಬಿಟ್ಟು ಹೇಳಿದರೆ ಗಿಡಕ್ಕೆ ದೃಷ್ಟಿ. ಅದಕ್ಕೇ ನೆಂಟರು ಬಳಸುದಾರಿ ಹಿಡಿಯುತ್ತಿದ್ದರು.

‘ಯಮ್ಮನೇದು ಇಷ್ಟು ದೊಡ್ಡ ಆಯ್ದಿಲ್ಲೆ. ಬುಡಕ್ಕೆ ಎಂತ ಹಾಕಿದ್ದೆ?’

‘ಎಂತದೂ ಇಲ್ಲೆ, ಸಗಣಿ ನೀರು.’

ಆ ‘ಎಂತದೂ ಇಲ್ಲೆ’ಯ ಹಿಂದೆ ಬೂದಿ, ಕದ್ದ ಮೈಲುತುತ್ತ, ರಾತ್ರಿಯ ಬಸವನಹುಳು ಎಲ್ಲ ಇವೆ ಎಂಬುದು ಕೇಳಿದವಳಿಗೂ ಗೊತ್ತು, ಹೇಳಿದವಳಿಗೂ ಗೊತ್ತು. ಕೊನೆಗೆ ಎಲ್ಲ ಮಾತೂ ಬಂದು ನಿಲ್ಲುವುದು ಒಂದು ಕಡೆಗೇ. ‘ಯಂಗೊಂದು ಗೆಡ್ಡೆ ಇಡು ಅತ್ತಿಗೆ.’ ‘ಆತು, ಇಡ್ತಿ.’ ಅಷ್ಟಾದರೆ ನೋಟ ಮುಗಿಯಿತು.

ಇಡ್ತಿ ಎಂದ ಮಾತು ಉಳಿಸಿಕೊಳ್ಳುವುದು ಸಣ್ಣ ಕೆಲಸವಲ್ಲ. ಹೂವಿರುವಾಗ ಯಾವುದು ಯಾವ ಬಣ್ಣ ಎಂಬುದು ಕಣ್ಣಿಗೆ ಕಾಣುತ್ತದೆ. ಕಾರ್ತಿಕ ಕಳೆದು ಗಿಡ ಒಣಗಿದ ಮೇಲೆ ಅಗೆದರೆ ಎಲ್ಲ ಗೆಡ್ಡೆಯದೂ ಮಣ್ಣಿನ ಬಣ್ಣವೇ. ಅದಕ್ಕಾಗಿ ಅಮ್ಮ ಹಳೆಯ ಸೀರೆಗಳ ಅಂಚು ಹರಿದು ಇಟ್ಟುಕೊಳ್ಳುತ್ತಿದ್ದಳು. ಕೆಂಪು ಹೂವಿನ ಗಿಡಕ್ಕೆ ಕೆಂಪು ಅಂಚು, ಹಳದಿಗೆ ಹಳದಿ. ಕೊಡುತ್ತೇನೆಂದು ಮಾತು ಕೊಟ್ಟ ಗಿಡಕ್ಕೆ ಒಂದರ ಬದಲು ಎರಡು ಗಂಟು. ಅಗೆಯುವಾಗ ಆ ಪಟ್ಟಿ ಕಾಂಡದಿಂದ ಬಿಚ್ಚಿ ಗೆಡ್ಡೆಗೆ ಬರುತ್ತಿತ್ತು. ಮುಂದೆ ಯಾವಾಗಲೋ ಮದುವೆಯಲ್ಲೋ ಮುಂಜಿಯಲ್ಲೋ ಅತ್ತಿಗೆ ಸಿಕ್ಕರೆ, ಊಟದ ಪಂಕ್ತಿ ಎದ್ದ ಮೇಲೆ ಕೈಚೀಲದಿಂದ ಬಾಳೆಲೆಯ ಪೊಟ್ಟಣ ಹೊರಬರುತ್ತಿತ್ತು. ಕೇಳಿದವಳು ಮರೆತಿದ್ದರೂ ಕೊಡುವವಳು ಮರೆಯುತ್ತಿರಲಿಲ್ಲ.

ಡೇರೆಗಳಿಗೆ ಹೆಸರು ಬಂದದ್ದೂ ಹೀಗೆ ಕೈ ದಾಟಿದ್ದರಿಂದಲೇ. ವಿದೇಶಗಳಲ್ಲಿ ಪ್ರತಿ ತಳಿಗೂ ಒಂದು ನೋಂದಾಯಿತ ಹೆಸರಿರುತ್ತದಂತೆ. ನಮ್ಮಲ್ಲಿ ಕೊಟ್ಟ ಮನೆಯೇ ಹೆಸರು. ದೊಡ್ಡಮ್ಮನ ಮನೆ ಬಿಳಿ, ಕೆಳಗಿನಕೇರಿ ಮುಳ್ಳು ಡೇರೆ, ಮಾಸ್ತರಮನೆ ಗುಂಡು ಡೇರೆ. ಪಾಗಾರದ ಬುಡವನ್ನು ಒಂದು ಕಡೆಯಿಂದ ಓದಿಕೊಂಡು ಹೋದರೆ ನಮ್ಮ ಮನೆಯ ನೆಂಟಸ್ತಿಕೆಯೆಲ್ಲ ಅಲ್ಲಿರುತ್ತಿತ್ತು. ನಮ್ಮಿಂದ ಹೋದದ್ದು ಬೇರೆ ಊರುಗಳಲ್ಲಿ ನಮ್ಮ ಮನೆಯ ಹೆಸರಿನಿಂದ ಅರಳುತ್ತಿತ್ತು. ಡೇರೆಯ ಹಿಂದೆ ಮುಂದೆ ಉಳಿದವೂ ಓಡಾಡುತ್ತಿದ್ದವು: ದಾಸವಾಳದ ಕಡ್ಡಿ, ಸೇವಂತಿಗೆಯ ಹಿಳ್ಳು, ಕಾಗದದ ಚೂರಿನಲ್ಲಿ ಕಟ್ಟಿದ ಕರ್ಣಕುಂಡಲದ ಬೀಜ. ಕೇಳಲು ಸಂಕೋಚವಾದರೆ ಅದಕ್ಕೂ ದಾರಿಯಿತ್ತು. ಕದ್ದು ತಂದ ಗಿಡ ಚೆನ್ನಾಗಿ ಬದುಕುತ್ತದೆ ಎಂಬ ಮಾತು ಎಲ್ಲರಿಗೂ ಗೊತ್ತಿದ್ದರಿಂದ, ಹೊರಡುವಾಗ ನೆಂಟರ ಕೈ ಸೆರಗಿನೊಳಗಿದ್ದರೆ ಮನೆಯೊಡತಿ ಬೇರೆ ಕಡೆ ನೋಡುತ್ತಿದ್ದಳು.

ಇಷ್ಟು ನಮ್ಮದಾದ ಈ ಹೂವು ಹುಟ್ಟಿನಿಂದ ನಮ್ಮದಲ್ಲ. ಅದು ಮೆಕ್ಸಿಕೊದ ಬೆಟ್ಟಸೀಮೆಯ ಗಿಡ. 1789ರಲ್ಲಿ ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ನಗರದ ರಾಜೋದ್ಯಾನಕ್ಕೆ ಬಂತು. 1791ರಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಕವನಿಯೆಸ್, ಸ್ವೀಡನ್ನಿನ ಆಂಡರ್ಸ್ ಡಾಲ್ ಎಂಬ ಸಸ್ಯವಿಜ್ಞಾನಿಯ ನೆನಪಿಗೆ ಅದಕ್ಕೆ ಡಾಲಿಯ ಎಂದು ಹೆಸರಿಟ್ಟ. 1963ರಲ್ಲಿ ಮೆಕ್ಸಿಕೊ ಅದನ್ನು ತನ್ನ ರಾಷ್ಟ್ರಪುಷ್ಪವೆಂದು ಸಾರಿತು. ಅಲ್ಲಿಯ ಎತ್ತರದ ನಾಡಿನಲ್ಲೂ ಮಳೆ ಬರುವುದು ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮಳೆಯಲ್ಲಿ ಬೆಳೆದು ಹೂಬಿಟ್ಟು, ಒಣಗಾಲದಲ್ಲಿ ಗೆಡ್ಡೆಯಾಗಿ ಮಲಗುವುದು ಅದರ ಹುಟ್ಟುಗುಣ. ಆದ್ದರಿಂದ ನಮ್ಮ ಮುಂಗಾರಿನ ಲೆಕ್ಕ ಅದಕ್ಕೆ ಹೊಸದಾಗಲಿಲ್ಲ. ಮಲೆನಾಡಿನೊಳಗೆ ಒಂದು ಮನೆಯಿಂದ ಇನ್ನೊಂದು ಮನೆಗೆ ಅದನ್ನು ಹರಡಿದ್ದು ಮಾತ್ರ ಹೆಂಗಸರ ಕೈಚೀಲ ಮತ್ತು ಸೆರಗು.

ಇಲ್ಲೊಂದು ಸಸ್ಯಶಾಸ್ತ್ರದ ಸಂಗತಿ ಹೇಳಲೇಬೇಕು. ಬಹುಪಾಲು ಗಿಡಗಳ ಜೀವಕೋಶದಲ್ಲಿ ವರ್ಣತಂತುಗಳ ಎರಡು ಕಂತೆಗಳಿದ್ದರೆ ತೋಟದ ಡೇರೆಯಲ್ಲಿ ಎಂಟು ಕಂತೆಗಳಿವೆ, ಒಟ್ಟು 64 ವರ್ಣತಂತುಗಳು. ಅದಕ್ಕೇ ಅದರಲ್ಲಿ ಇಷ್ಟು ಬಣ್ಣ, ಇಷ್ಟು ರೂಪ. ಅದಕ್ಕೇ ಬೀಜ ಹಾಕಿದರೆ ತಾಯಿಯಂಥ ಮಗಳು ಹುಟ್ಟುವುದಿಲ್ಲ. ಬಿಳಿಯ ಬೀಜದಿಂದ ಏನು ಬೇಕಾದರೂ ಬಂದೀತು. ಅದೇ ಬಣ್ಣ, ಅದೇ ಎಸಳು ಬೇಕಾದರೆ ಅದೇ ಗಿಡದ ಗೆಡ್ಡೆ ಅಥವಾ ಕುಡಿಯೇ ಬೇಕು. ದೊಡ್ಡಮ್ಮನ ಮನೆ ಬಿಳಿಯ ಕೊನೆಯ ಗೆಡ್ಡೆ ಕೊಳೆತ ದಿನ ಆ ಬಿಳಿ ಭೂಮಿಯ ಮೇಲಿಂದಲೇ ಹೋದ ಹಾಗೆ.

ಗೆಡ್ಡೆ ಕೊಳೆಯುವುದೇನೂ ಅಪರೂಪವಲ್ಲ. ಮಳೆ ಜಾಸ್ತಿಯಾದರೆ ಪಾತಿಯಲ್ಲೇ ಕೊಳೆಯುತ್ತದೆ. ಅಟ್ಟದಲ್ಲಿಟ್ಟದ್ದು ಒಂದು ವರ್ಷ ಒಣಗಿ ಸುರುಟುತ್ತದೆ, ಇನ್ನೊಂದು ವರ್ಷ ಹೆಗ್ಗಣದ ಪಾಲಾಗುತ್ತದೆ. ಮುಳ್ಳುಹಂದಿ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಪಾತಿ ಬರಿದು. ಹಾಗಾದ ವರ್ಷ ನಮ್ಮ ಮನೆಯಲ್ಲಿ ಯಾರೂ ತಲೆ ಮೇಲೆ ಕೈ ಹೊತ್ತು ಕೂರುತ್ತಿರಲಿಲ್ಲ. ಅಮ್ಮ ನೆನಪು ಮಾಡಿಕೊಳ್ಳುತ್ತಿದ್ದಳು: ಆ ಕೆಂಪನ್ನು ಚಿಕ್ಕಮ್ಮ ಒಯ್ದಿದ್ದಾಳೆ, ಹಳದಿ ಕೆಳಗಿನಕೇರಿಯಲ್ಲಿದೆ, ಕೇಸರಿಯನ್ನು ಅತ್ತೆಯ ಮಗಳು ಗಂಡನ ಮನೆಗೆ ತೆಗೆದುಕೊಂಡು ಹೋಗಿದ್ದಾಳೆ. ಮುಂದಿನ ರೋಹಿಣಿಯೊಳಗೆ ಕೊಟ್ಟಿದ್ದೆಲ್ಲ ಒಂದೊಂದಾಗಿ ಹಿಂದಕ್ಕೆ ಬರುತ್ತಿತ್ತು. ತಾನೇ ಇಟ್ಟುಕೊಂಡದ್ದು ಹೋಯಿತು, ಕೊಟ್ಟದ್ದು ಉಳಿಯಿತು. ಬೀಜ ಬ್ಯಾಂಕು ಎಂಬ ಮಾತು ಊರಿಗೆ ಬರುವ ಎಷ್ಟೋ ಮೊದಲೇ ಈ ಹೆಂಗಸರು ಒಂದು ಬ್ಯಾಂಕು ನಡೆಸುತ್ತಿದ್ದರು. ಅದಕ್ಕೆ ಕಚೇರಿ, ಪುಸ್ತಕ ಇರಲಿಲ್ಲ. ನೆಂಟರು ಬಂದು ಹೂವು ನೋಡಿ ಕೇಳುವುದೇ ಅದರ ವ್ಯವಹಾರ.

ಮನಸ್ತಾಪದ ಮನೆಗಳ ನಡುವೆಯೂ ಈ ವ್ಯವಹಾರ ನಿಲ್ಲುತ್ತಿರಲಿಲ್ಲ. ಹಿಸೆಯಾದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೂ, ಅವರ ಹೆಂಡಂದಿರ ಡೇರೆ ಕುಡಿಗಳು ಶಾಲೆಗೆ ಹೋಗುವ ಮಕ್ಕಳ ಪಾಟೀಚೀಲದಲ್ಲಿ ಪಾಗಾರ ದಾಟುತ್ತಿದ್ದವು. ತೋಟದ ಕೆಲಸಕ್ಕೆ ಬರುವ ಹೆಂಗಸರೂ ಸಂಜೆ ಹೋಗುವಾಗ ಕುಡಿ ಕೇಳಿ ಒಯ್ಯುತ್ತಿದ್ದರು, ತಮ್ಮ ಅಂಗಳದಲ್ಲಿ ಅರಳಿದ ಹೊಸ ಬಣ್ಣದ ಗೆಡ್ಡೆ ತಂದುಕೊಡುತ್ತಿದ್ದರು. ಮಡಿಮೈಲಿಗೆಯ ಗೆರೆ ಅಡುಗೆಮನೆಯ ಹೊಸ್ತಿಲಲ್ಲಿ ಗಟ್ಟಿಯಾಗಿತ್ತು. ನೀರು ಕೊಡುವ ಲೋಟ ಬೇರೆಯಿದ್ದ ಅದೇ ಮನೆಯಲ್ಲಿ ಗೆಡ್ಡೆ ಮಾತ್ರ ಕೈಯಿಂದ ಕೈಗೇ ಬರುತ್ತಿತ್ತು. ಅದರಿಂದ ಗೆರೆಯೇನೂ ಅಳಿಸಿಹೋಗಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹಾಗೆಯೇ ಹೊತ್ತಾರೆಯಿಂದ ರಾತ್ರಿಯವರೆಗೆ ಒಲೆಯ ಮುಂದೆ ಇದ್ದವಳಿಗೆ, ಮಾಡಿದ ಅಡುಗೆಯನ್ನು ಸುಮ್ಮನೆ ಉಂಡು ಏಳುವ ಮನೆಯಲ್ಲಿ, ಮೆಚ್ಚುಗೆ ಎಂಬುದು ಸಿಗುತ್ತಿದ್ದದ್ದು ಈ ಪಾತಿಯ ಹತ್ತಿರ ಮಾತ್ರ. ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ಆ ಕಾಲದಲ್ಲಿ ಅವರು ತಾವೇ ಮಾಡಿಕೊಂಡ ಇದೊಂದು ಚೆನ್ನಾಗಿತ್ತು.

ಈಗ ನೋಡುವವರು ಕಡಿಮೆಯಾಗಿದ್ದಾರೆ. ಮಲೆನಾಡಿನ ನೆಂಟರು ಮೊದಲು ನಡೆದೋ ಬಸ್ಸಿಳಿದೋ ಬರುತ್ತಿದ್ದರು. ಬಂದರೆ ರಾತ್ರಿ ಉಳಿಯಲೇಬೇಕು, ಉಳಿದರೆ ಬೆಳಿಗ್ಗೆ ಹೂವು ನೋಡಲೇಬೇಕು. ಈಗ ಕಾರು ಅಂಗಳದೊಳಕ್ಕೇ ಬರುತ್ತದೆ. ಎಂಜಿನ್ ತಣಿಯುವ ಮೊದಲೇ ತಿರುಗಿ ಹೊರಡುತ್ತದೆ, ಅದೇ ದಿನ ಇನ್ನೂ ಎರಡು ಮನೆಗೆ ಹೋಗುವುದಿರುತ್ತದೆ. ತಿಥಿ ಊಟ ಮುಗಿಸಿ ಕೈ ತೊಳೆದವರ ಗಡಿಯಾರ ಬೆಂಗಳೂರಿನ ರಾತ್ರಿ ಬಸ್ಸಿನ ಹೊತ್ತು ತೋರಿಸುತ್ತಿರುತ್ತದೆ. ಮದುವೆಗಳು ಕಲ್ಯಾಣಮಂಟಪಕ್ಕೆ ಹೋದವು. ಅಲ್ಲಿ ಕಮಾನಿಗೆ ಚುಚ್ಚಿದ ಹೂವುಗಳನ್ನು ಯಾರು ಬೆಳೆದದ್ದೆಂದು ಕೇಳುವವರಿಲ್ಲ, ಕೇಳಿದರೂ ಹೇಳುವವರಿಲ್ಲ.

ಮನೆಗಳೂ ಬದಲಾದವು. ಅಂಗಳಕ್ಕೆ ಸಿಮೆಂಟು, ಅದರ ಮೇಲೆ ಇಂಟರ್‌ಲಾಕ್ ಕಲ್ಲು ಬಂತು. ಕಾರು ತಿರುಗಿಸಲು ಪಾಗಾರದ ಬುಡ ಬಿಟ್ಟುಕೊಡಬೇಕಾಯಿತು. ಕೊಟ್ಟಿಗೆಯಲ್ಲಿ ದನವಿಲ್ಲದ ಮೇಲೆ ಸಗಣಿ ಗೊಬ್ಬರವನ್ನು ದುಡ್ಡು ಕೊಟ್ಟು ತರಬೇಕು. ಮಂಗಗಳು ಕಾಡು ಬಿಟ್ಟು ಅಂಗಳಕ್ಕೇ ಬಂದು ಮೊಗ್ಗು ಚಿವುಟುತ್ತವೆ. ಮಳೆಯೂ ಹಿಂದಿನ ಶಿಸ್ತಿನಲ್ಲಿಲ್ಲ. ಮೃಗಶಿರದಲ್ಲಿ ಬಿಸಿಲು ಕಾದು, ಆಶ್ಲೇಷದಲ್ಲಿ ಒಂದೇ ವಾರಕ್ಕೆ ಎಲ್ಲ ಸುರಿದರೆ, ಹೂ ಬಿಡುವ ಹೊತ್ತಿಗೆ ಬುಡ ಕೊಳೆತಿರುತ್ತದೆ. ಇವೆಲ್ಲ ನಿಜವಾದ ಕಷ್ಟಗಳೇ. ಆದರೆ ಮುಳ್ಳುಹಂದಿ, ಕೊಳೆ, ಹೆಗ್ಗಣ ಹಿಂದೆಯೂ ಇದ್ದವು. ಆಗ ಹೋದದ್ದನ್ನು ತುಂಬಿಕೊಡುವ ಮನೆಗಳೂ ಇದ್ದವು. ಈಗ ಆ ಮನೆಗಳಲ್ಲಿ ವಯಸ್ಸಾದ ಇಬ್ಬರು ಮಾತ್ರ ಇರುತ್ತಾರೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ. ಮೊಣಕಾಲು ನೋವಿನ ಅತ್ತಿಗೆ ಪಾತಿಯ ಮುಂದೆ ಬಗ್ಗುವುದು ನಿಲ್ಲಿಸಿದ ವರ್ಷವೇ ಕೆಲವು ಬಣ್ಣಗಳು ಸದ್ದಿಲ್ಲದೆ ಹೋದವು.

ಹೂವಿನ ಮೇಲಿನ ಪ್ರೀತಿ ಕಡಿಮೆಯಾಗಿದೆ ಎಂದಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ವರ್ಷಕ್ಕೆರಡು ಬಾರಿ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ, ಫಲಪುಷ್ಪ ಪ್ರದರ್ಶನ ನಡೆಯುತ್ತದೆ. 1889ರಲ್ಲಿ ಅಡಿಗಲ್ಲು ಬಿದ್ದ ಆ ಗಾಜಿನಮನೆಯೊಳಗೆ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ಹಗ್ಗದ ಈಚೆಯಿಂದ ನೋಡಬೇಕು. ನಿಂತರೆ ಹಿಂದಿನವರು ದೂಡುತ್ತಾರೆ. ಅದರ ವೈಭವ ದೊಡ್ಡದು, ಅದನ್ನು ಹಗುರ ಮಾಡುವುದಿಲ್ಲ. ಆದರೆ ಅಲ್ಲಿ ‘ಬುಡಕ್ಕೆ ಎಂತ ಹಾಕಿದ್ದೆ’ ಎಂದು ಯಾರನ್ನು ಕೇಳುವುದು? ‘ಒಂದು ಗೆಡ್ಡೆ ಇಡು’ ಎಂದು ಯಾರಿಗೆ ಹೇಳುವುದು? ನರ್ಸರಿಯಲ್ಲಾದರೆ ಬೇಕಾದ ಬಣ್ಣದ ಗಿಡ ಹೂವಿನ ಸಮೇತ ಸಿಗುತ್ತದೆ, ಚೌತಿ ಮುಗಿದ ಮೇಲೆ ಕುಂಡದಲ್ಲೇ ಸಾಯುತ್ತದೆ. ಗೆಡ್ಡೆ ತೆಗೆದಿಡುವವರು ಕಡಿಮೆ, ಮುಂದಿನ ವರ್ಷ ಇನ್ನೊಂದು ತಂದರಾಯಿತು. ಫೋನಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಫೋಟೋ ಬರುತ್ತದೆ, ನಾವೂ ಹೆಬ್ಬೆರಳಿನ ಚಿತ್ರ ಕಳಿಸುತ್ತೇವೆ. ಆ ಹೆಬ್ಬೆರಳು ಯಾರ ಮನೆಯ ಪಾತಿಗೂ ಒಂದು ಕುಡಿ ನೆಟ್ಟಿಲ್ಲ.

ದೊಡ್ಡಮ್ಮನ ಮನೆ ಬಿಳಿಯ ಮಾತು ತೆಗೆದಿದ್ದೆ. ಅದು ಹಾಲಿನ ಬಿಳಿಯಲ್ಲ, ಆಗಷ್ಟೇ ಕಡೆದು ತೆಗೆದ ಬೆಣ್ಣೆಯ ಬಣ್ಣ. ನಡುವಿನ ಎಸಳುಗಳ ಬುಡದಲ್ಲಿ ಮಾತ್ರ ತುಸು ಹಸಿರು. ಅಮ್ಮ ಹೋದ ಮೇಲಿನ ಒಂದು ಮಳೆಗಾಲ ನಮ್ಮ ಮನೆಯ ಗೆಡ್ಡೆ ಏಳಲಿಲ್ಲ. ಹಿಂದಿನ ಪದ್ಧತಿಯಂತೆ, ಯಾರು ಯಾರು ಒಯ್ದಿದ್ದರೆಂದು ನೆನಪು ಮಾಡಿಕೊಂಡು ಕೇಳುತ್ತ ಹೋದೆ. ದೊಡ್ಡಮ್ಮನ ಮನೆಗೆ ಬೀಗ ಹಾಕಿದೆ, ಪಾತಿಯಲ್ಲಿ ಕಮ್ಯುನಿಸ್ಟ್ ಗಿಡವೆಂಬ ಕಳೆ ಬೆಳೆದಿದೆ. ಚಿಕ್ಕಮ್ಮ ಮಗನ ಜೊತೆ ಪುಣೆಯ ಫ್ಲಾಟಿನಲ್ಲಿದ್ದಾಳೆ. ಇನ್ನೊಂದು ಮನೆಯವರು ‘ಇತ್ತಲೇ, ಯಾವಾಗ ಹೋತೋ ಗೊತ್ತಿಲ್ಲೆ’ ಎಂದರು. ಇದ್ದದ್ದು ಯಾವಾಗ ಹೋಯಿತೆಂಬುದು ಗೊತ್ತಾಗದೇ ಹೋದದ್ದಕ್ಕೆ ಕಾರಣ ಒಂದೇ: ನಡುವಿನ ವರ್ಷಗಳಲ್ಲಿ ಯಾರೂ ಅದನ್ನು ನೋಡಲು ಹೋಗಿರಲಿಲ್ಲ. ಯಾರಾದರೂ ನೋಡಿದ್ದರೆ ಕೇಳುತ್ತಿದ್ದರು. ಕೇಳಿದ್ದರೆ ಒಂದು ಗೆಡ್ಡೆ ಬೇರೆಲ್ಲೋ ಉಳಿದಿರುತ್ತಿತ್ತು. ಆ ಬಣ್ಣ ಈಗ ಇಲ್ಲ. ಫೋಟೋ ಕೂಡ ಇಲ್ಲ, ಆಗ ಫೋಟೋ ತೆಗೆಯುವುದು ಮನುಷ್ಯರಿಗೆ ಮಾತ್ರ.

ಎಲ್ಲ ಮುಗಿದೇ ಹೋಯಿತು ಎಂದರೂ ತಪ್ಪಾಗುತ್ತದೆ. ಶಿರಸಿಯಲ್ಲಿ ವನಸ್ತ್ರೀ ಎಂಬ ಮಹಿಳೆಯರ ಸಂಘಟನೆ ಮಲೆನಾಡ ಮೇಳ ನಡೆಸುತ್ತದೆ. ಹಿತ್ತಿಲಲ್ಲಿ ಬೀಜ ಉಳಿಸಿಕೊಂಡು ಬಂದ ಹೆಂಗಸರು ಬೀಜ, ಗೆಡ್ಡೆ, ಗಿಡಗಳನ್ನು ಚೀಲದಲ್ಲಿ ಹೊತ್ತು ಅಲ್ಲಿಗೆ ಬರುತ್ತಾರೆ. ನನಗೆ ಗೊತ್ತಿರುವ ಕೆಲವು ಮನೆಗಳಲ್ಲಿ ಸೊಸೆಯಂದಿರು ಟೆರೇಸಿನ ಮೇಲೆ, ಮಂಗಗಳಿಗೆ ಬಲೆ ಕಟ್ಟಿ, ಡೇರೆ ಎಬ್ಬಿಸುತ್ತಿದ್ದಾರೆ. ಗೆಡ್ಡೆಯನ್ನು ಮರಳಿನ ಬದಲು ತೆಂಗಿನ ನಾರಿನ ಪುಡಿಯಲ್ಲಿಟ್ಟು ಕೊರಿಯರ್ ಮಾಡುವವರೂ ಇದ್ದಾರೆ. ದುಡ್ಡಿಗೆ ಮಾರುತ್ತಾರೆ, ಮಾರಲಿ. ಅತ್ತೆಯ ಕಾಲದಲ್ಲಿ ಅವಳ ಬೆವರಿಗೆ ಬೆಲೆ ಇರಲಿಲ್ಲ, ಸೊಸೆಯ ಕಾಲದಲ್ಲಿ ಸಿಕ್ಕರೆ ಸಂತೋಷವೇ. ಆದರೆ ಕೊರಿಯರಿನಲ್ಲಿ ಬಂದ ಗೆಡ್ಡೆಗೆ ಮನೆಯ ಹೆಸರಿರುವುದಿಲ್ಲ. ಅದು ಕೊಳೆತ ವರ್ಷ ಹಿಂದಕ್ಕೆ ಕೇಳುವ ಸಲುಗೆಯೂ ಇರುವುದಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಮಾತು ಕೇಳುತ್ತೇನೆ. ಈ ಸಲ ಪಂಚಮಿಗೋ ಚೌತಿಗೋ ಊರಿಗೆ ಹೋದರೆ ಕಾರನ್ನು ದಣಪೆಯ ಹೊರಗೇ ನಿಲ್ಲಿಸಿ. ಆಸರಿ ಮುಗಿದ ಮೇಲೆ ಅತ್ತೆಯೋ ಅತ್ತಿಗೆಯೋ ಕರೆಯುವವರೆಗೆ ಕಾಯಬೇಡಿ, ಈಗ ಕರೆಯಲು ಅವರಿಗೇ ಸಂಕೋಚ. ನೀವೇ ಎದ್ದು ‘ಡೇರೆ ಯಾವ ಬಣ್ಣದ್ದು ಇದೆ, ತೋರಿಸಿ’ ಎನ್ನಿ. ಬುಡಕ್ಕೆ ಏನು ಹಾಕಿದ್ದೀರಿ ಎಂದು ಕೇಳಿ, ಅವರು ಏನೂ ಇಲ್ಲ ಎಂದರೆ ನಂಬಬೇಡಿ. ಬೆಂಗಳೂರಿನ ಬಾಲ್ಕನಿಯಲ್ಲಿ ಅದು ಬದುಕೀತೋ ಇಲ್ಲವೋ ಎಂದು ಯೋಚಿಸದೆ ಒಂದು ಗೆಡ್ಡೆ ಬೇಡಿ. ಕುತ್ತಿಗೆ ಮುರಿಯದ, ಹಳೆಯ ಕಾಂಡದ ಚಕ್ಕೆ ಅಂಟಿಕೊಂಡಿರುವ ಗೆಡ್ಡೆಯನ್ನೇ ಕೇಳಿ. ರೋಹಿಣಿ ಮಳೆಗೆ ನೆಡಿ. ಬದುಕಿದರೆ ಪಕ್ಕದ ಮನೆಯವರನ್ನು ಕರೆದು ತೋರಿಸಿ, ಕೇಳಿದವರಿಗೆ ಕೊಡಿ, ಕೊಡುವಾಗ ಅದು ಯಾವ ಮನೆಯ ಡೇರೆ ಎಂಬುದನ್ನು ಹೇಳಿ ಕೊಡಿ.